ಹನ್ನೊಂದನೆಯ ಪ್ರಶ್ನೆ

ಮೊದಲ ರಾತ್ರಿ ಆಕೆ ನನಗೆ ಕೊಟ್ಟದ್ದು
ಒಂದು ಕಾಲು ಮಾತ್ರ.
ಉಳಿದದ್ದೆಲ್ಲ ಕಪ್ಪು ಶಾಲಿನೊಳಗೆ, ಮುಖ ಗೋಡೆಯ ಕಡೆಗೆ.
"ಹೆಣ್ಣುಮಕ್ಕಳೆಲ್ಲ ಸತ್ತುಹೋದರೇ ಈ ತಫೀಲಾದಲ್ಲಿ?"
ಎಂದು ಗೋಡೆಯನ್ನೇ ಕೇಳಿದಳು.

ಸತ್ತಿರಲಿಲ್ಲ. ಒಬ್ಬಳು ಹೆರಿಗೆ ವಾರ್ಡಿಗೆ ಓಡಿದ್ದಳು,
ಒಬ್ಬಳಿಗೆ ಜ್ವರ,
ಇನ್ನೊಬ್ಬಳ ಬಸ್ಸು ಕರಕ್ ದಾರಿಯ ಮಂಜಿನಲ್ಲಿ ನಿಂತುಬಿಟ್ಟಿತ್ತು.
ಹಾಗಾಗಿ ನಾನು.
ಆರಡಿ ಗಂಡಸು, ಕುರಿ ಕಾಯುವವನ ಮಗ,
ಕೈಗೆ ಸಾಲದ ಕೈಗವಸು.

ಸಕ್ಕರೆ ಕಾಯಿಲೆ ತಿಂದು ಬಿಟ್ಟ ಹಿಮ್ಮಡಿ.
ಉಪ್ಪುನೀರು, ಹತ್ತಿ, ಪಟ್ಟಿ.
ಕೇಳಿ ಮುಟ್ಟಿದೆ, ಪ್ರತಿ ಸಲವೂ:
ಈಗ ಬಿಚ್ಚುತ್ತೇನೆ, ಹಾಜಾ.
ಈಗ ತಣ್ಣಗಾಗುತ್ತದೆ.
ಈಗ ಸ್ವಲ್ಪ ಉರಿ.
ಗೋಡೆ ಮಾತ್ರ ಹೂಂ ಅಂದಿತು.

ಅತ್ತ ಗಂಡಸರ ವಾರ್ಡಿನಲ್ಲಿ
ಫಾಸ್ಫೇಟ್ ಲಾರಿಯ ಹಯ್ಯಾನ್,
ಮೂತ್ರದ ಕೊಳವೆ ಹಾಕುವಾಗ ಕಣ್ಣು ಬಿಗಿದು
"ದೇವರು ದೊಡ್ಡವನು, ಗಂಡಸನ್ನೇ ಕಳಿಸಿದ" ಅಂದ.
ಬೆಳಗಾದ ಮೇಲೆ ಅವನೇ,
"ಊರಲ್ಲಿ ಏನಂತ ಹೇಳ್ತೀಯ? ಡಾಕ್ಟರ್ ಅಂತಲೇ?"

ನಾನು ಹೇಳುವುದಿಲ್ಲ. ನಮ್ಮಪ್ಪ ಹೇಳುತ್ತಾನೆ.
ಕುರಿ ಈಯುವಾಗ ಮೊಣಕೈವರೆಗೆ ಕೈ ಹಾಕಿ
ಮರಿಯನ್ನು ಹೊರಗೆಳೆಯುವ ನಮ್ಮಪ್ಪ
ಮಗನ ಕೆಲಸ ಯಾವುದೆಂದರೆ ನಾಚಿ ತಲೆ ತಗ್ಗಿಸುತ್ತಾನೆ.

ನಾಲ್ಕನೆಯ ರಾತ್ರಿ ಆಕೆ ಈ ಕಡೆ ತಿರುಗಿದಳು.
ಗಲ್ಲದ ಮೇಲೆ ಮೂರು ನೀಲಿ ಹಚ್ಚೆಚುಕ್ಕಿ.
"ನಿನ್ನ ತಾಯಿ ಇದ್ದಾಳೆಯೇ?"
ಇದ್ದಾಳೆ.
"ಅವಳ ಕಾಲು?"
ಚೆನ್ನಾಗಿದೆ.
"ನೋಡಿದ್ದೀಯಾ?"
ನೋಡಿರಲಿಲ್ಲ.

ಐದನೆಯ ರಾತ್ರಿ, ಮೂರು ಗಂಟೆ.
ಸಕ್ಕರೆ ಸರ್ರನೆ ಇಳಿದು ಮೈಯೆಲ್ಲ ಬೆವರು, ಪ್ರಜ್ಞೆಯಿಲ್ಲ.
ಡಾಕ್ಟರರನ್ನು ಕೂಗಿದೆ, ಸೂಜಿಗೆ ನರ ಹುಡುಕಿದೆ,
ಗ್ಲೂಕೋಸ್ ಹನಿ ಹನಿಯಾಗಿ ಒಳಗಿಳಿಯಿತು.
ಗಡಿಬಿಡಿಯಲ್ಲಿ ಶಾಲು ಜಾರಿ
ಗೋರಂಟಿ ಬಣ್ಣದ ಎರಡು ಸಣ್ಣ ಜಡೆ ಹೊರಗೆ ಬಿದ್ದಿದ್ದವು.
ಕಣ್ಣು ಬಿಟ್ಟವಳ ಕೈ ಮೊದಲು ಹೋದದ್ದು ತಲೆಗೆ.
ಶಾಲು ಇತ್ತು, ಕಿವಿಯ ಹಿಂದೆ ಸಿಕ್ಕಿಸಿದಂತೆ.
"ಯಾರು ಹೊದಿಸಿದ್ದು?"
ನಾನು ಹನಿ ಎಣಿಸುತ್ತಿದ್ದೆ. ಎಣಿಸುತ್ತಲೇ ಇದ್ದೆ.

ಬಿಡುಗಡೆಯ ದಿನ ಅಮ್ಮಾನ್ ಕಚೇರಿಯ ಕಾಗದ:
ರೋಗಿಗಳ ಅಭಿಪ್ರಾಯ, ಹದಿನಾಲ್ಕು ಪ್ರಶ್ನೆ.
ಆಕೆಗೆ ಓದು ಬಾರದು. ಮಗ ಔಷಧಿಯ ಸಾಲಿನಲ್ಲಿ.
ಆರೈಕೆ ಮಾಡಿದವರು ಓದಿಹೇಳಬಾರದೆಂದು ನಿಯಮ.
ಓದಿದೆ.

ಊಟ, ಬೆಡ್‌ಶೀಟು, ಗದ್ದಲ, ಎಲ್ಲಕ್ಕೂ "ಪರವಾಗಿಲ್ಲ".
ಹನ್ನೊಂದು: ನಿಮ್ಮ ಆರೈಕೆಗೆ ಯಾರಿರಬೇಕು,
ಗಂಡು ನರ್ಸೇ, ಹೆಣ್ಣು ನರ್ಸೇ?
"ಹೆಣ್ಣು."
ರೆಪ್ಪೆ ಬಡಿಯುವಷ್ಟೂ ತಡವಿಲ್ಲ.
ಪೆನ್ನು ಒಮ್ಮೆ ಕೈಕೊಟ್ಟಿತು. ಅಂಗೈಗೆ ಉಜ್ಜಿ ಗುರುತು ಹಾಕಿದೆ.
ಹನ್ನೆರಡು: ದೊರೆತ ಆರೈಕೆ ತೃಪ್ತಿ ತಂದಿತೇ?
ಒಂದರಿಂದ ಐದರೊಳಗೆ.
"ಹತ್ತಿಲ್ಲವೇ?"
ಇಲ್ಲ, ಹಾಜಾ.
"ಹಾಗಾದರೆ ಐದನ್ನು ಎರಡು ಸಲ ಬರೆ."

ಎರಡು ಸಲ ಬರೆದರೆ ಕಾಗದ ಅಸಿಂಧು.
ಬರೆದೆ.
(ಹಯ್ಯಾನ್ ಹನ್ನೊಂದಕ್ಕೆ ಗಂಡು ಅಂದಿದ್ದ,
ಹನ್ನೆರಡಕ್ಕೆ ಎರಡು ಅಂಕ. ಚಹಾ ಆರಿತ್ತಂತೆ.)

ಗಾಲಿಕುರ್ಚಿ ಬಾಗಿಲು ದಾಟುವಾಗ
ಕಾಗದದಲ್ಲಿಲ್ಲದ್ದನ್ನು ಕೇಳಿಬಿಟ್ಟೆ:
ಮತ್ತೆ ಬಂದರೆ?
"ಬಂದರೂ ಹೆಣ್ಣನ್ನೇ ಕೇಳುತ್ತೇನೆ," ಅಂದಳು
ನೇರ ನನ್ನ ಕಣ್ಣಿಗೆ.
"ಅವಳು ಸಿಗದಿದ್ದರೆ ಬೇರೆ ಯಾರೂ ಬೇಡ,
ನಿನ್ನನ್ನು ಕರೆಸು ಅಂತೇನೆ.
ಹೆಸರೇನು ಅಂದೆ?"

ಐದು ರಾತ್ರಿ ನಾನದನ್ನು ಹೇಳಿರಲೇ ಇಲ್ಲ.
ಮುಸನ್ನಾ, ಅಂದೆ.